ದೋಸ್ತಿ ಅವರದು, ಸಲಾಯಿನ್ ನಂದು

ಮುಧೋಳದ ಒಬ್ಬ ಗೃಹಸ್ಥರಿಗೂ ರಬಕವಿ-ಬನಹಟ್ಟಿಯ ಒಬ್ಬ ಮಗ್ಗದ ಮಾಲೀಕರಿಗೂ ಶಾಲೆಯ ದಿನಗಳಿಂದ ಗೆಳೆತನವಿತ್ತು. ಇತ್ತು ಎಂದೇ ಬರೆಯಬೇಕು. ಕಳೆದ ಯುಗಾದಿಯಿಂದೀಚೆ ಇಬ್ಬರೂ ಮಾತು ಬಿಟ್ಟಿದ್ದಾರೆ. ಮೊನ್ನೆ ಒಂದು ಮದುವೆಯಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆಂದು ಇನ್ನೊಬ್ಬರು ಹಸಿದುಕೊಂಡು ಕೊನೆಯ ಪಂಕ್ತಿಯವರೆಗೆ ಕಾದರು. ಹೊಲದ ಬದು, ಕೈಸಾಲ, ಚುನಾವಣೆ ಯಾವುದೂ ಕಾರಣವಲ್ಲ. ಕಾರಣ ಒಂದು ಮುಧೋಳ ನಾಯಿ. ಶ್ರೀಶೈಲ ಪಾದಯಾತ್ರೆಗೆ ಹೊರಟ ಮೊದಲನೆಯವರು ಅದನ್ನು ಎರಡನೆಯವರ ಮನೆಯಲ್ಲಿ ಬಿಟ್ಟು ಹೋಗಿದ್ದರು.

ಇಬ್ಬರ ವಾದವೂ ಎರಡೂ ಊರಿನ ಚಹಾದಂಗಡಿಗಳಿಗೆ ಬಾಯಿಪಾಠವಾಗಿದೆ. ಮೂರನೆಯವರನ್ನು ಮಾತ್ರ ಯಾರೂ ಕೇಳಿದಂತಿಲ್ಲ. ನಾವು ಹೋದಾಗ ರಾಜಾ (ವಯಸ್ಸು 4, ತೂಕ 25 ಕಿಲೋ, ಹೊಟ್ಟೆ ಎಂಬುದು ಹುಡುಕಿದರೂ ಸಿಗದು) ಕಟ್ಟೆಯ ಮೇಲೆ ಮುಂಗಾಲು ಚಾಚಿ ಮಲಗಿದ್ದ. ಎಡಗಾಲಿನಲ್ಲಿ ಸೂಜಿ ಚುಚ್ಚಲೆಂದು ಬೋಳಿಸಿದ್ದ ಜಾಗದಲ್ಲಿ ಕೂದಲು ಇನ್ನೂ ಪೂರ್ತಿ ಬಂದಿರಲಿಲ್ಲ.

ನಮಸ್ಕಾರ. ಈಗ ಆರೋಗ್ಯ ಹೇಗಿದೆ?

ಮೊದಲ ನೀವು ಯಾರ ಕಡಿಯವ್ರು ಹೇಳ್ರಿ. ನಮ್ಮ ಮಾಲಕರ ಕಡಿಯೋ, ದೋಸ್ತನ ಕಡಿಯೋ?

ಯಾರ ಕಡೆಯೂ ಅಲ್ಲ. ಪತ್ರಿಕೆಯವರು.

ಹಂಗಾದ್ರ ಮಜಾ ನೋಡಾಕ ಬಂದೀರಿ. ಕುಂದರ್ರಿ. ಮೈ ಮಾತ್ರ ಮುಟ್ಟಬ್ಯಾಡ್ರಿ. ಗುರುತಿಲ್ಲದವರು ಮೈ ಸವರೂದು ನಮ್ಮ ತಳಿಗೆ ಸೇರೂದಿಲ್ಲ. ಸೊಕ್ಕಲ್ಲರಿ, ಸ್ವಭಾವ. ಇದೊಂದ ಮಾತು ಬನಹಟ್ಟ್ಯಾಗ ಯಾರರ ಮೊದಲ ಹೇಳಿದ್ರ ಅರ್ಧ ರಾಮಾಯಣ ತಪ್ಪತಿತ್ತು.

ಮೊದಲಿನಿಂದ ಹೇಳಿ.

ಮಗಳ ಲಗ್ನ ಆದ್ರ ನಡಕೊಂಡ ಬರ್ತೀನಿ ಅಂತ ನಮ್ಮ ಮಾಲಕರು ಶ್ರೀಶೈಲದ ಮಲ್ಲಯ್ಯಗ ಬೇಡಿಕೊಂಡಿದ್ರು. ಲಗ್ನ ಆತು. ಯುಗಾದಿ ಸನಿ ಬಂತು, ಕಂಬಿ ಹೊತ್ತ ಪಾದಯಾತ್ರಿ ಹೊಂಟಿತು. ಆ ದಿನದಾಗ ನಮ್ಮ ಕಡಿ ಮಂದಿ ಹಿಂಡ ಹಿಂಡ ಶ್ರೀಶೈಲದ ಹಾದಿ ಹಿಡೀತಾರ. ಕೆಲವರು ಮರಗಾಲ ಕಟ್ಟಿಕೊಂಡ ಹೋಗ್ತಾರ. ಹಾದಿಗುಂಟ ಮಜ್ಜಿಗಿ, ಊಟ, ಕಾಲಿಗೆ ಹಚ್ಚಾಕ ಎಣ್ಣಿ ಎಲ್ಲಾ ತಯಾರ ಇರ್ತಾವ. ಮನಷ್ಯಾರಿಗೆ ಇಷ್ಟೆಲ್ಲಾ ವ್ಯವಸ್ಥಾ. ನನ್ನ ಬಗ್ಗೆ ಹೊರಡೂ ಹಿಂದಿನ ರಾತ್ರಿ ನೆನಪಾತು. "ನಾಯಿದೇನು, ದೋಸ್ತನ ಮನ್ಯಾಗ ಬಿಟ್ರಾತು" ಅಂದ್ರು. ಧರ್ಮರಾಯನ್ನ ನೋಡ್ರಿ. ಸ್ವರ್ಗದ ಬಾಗಿಲದಾಗ ನಿಂತು, ನಾಯಿ ಬಿಟ್ಟು ಒಳಗ ಬರೂದಿಲ್ಲ ಅಂದ. ಅಂವಗ ದೋಸ್ತರು ಕಡಿಮಿ ಇದ್ರು ಕಾಣ್ತೈತಿ.

ತಿಮ್ಮಾಪುರದಲ್ಲಿ ನಿಮ್ಮ ತಳಿಗೆಂದೇ ಕೇಂದ್ರವಿದೆಯಲ್ಲ?

ಐತಿ. ಬೀದರದ ಪಶು ವಿಶ್ವವಿದ್ಯಾಲಯದ್ದು. ಅದು ಸಂಶೋಧನಾ ಕೇಂದ್ರರಿ, ಧರ್ಮಛತ್ರ ಅಲ್ಲ.

ಗೆಳೆಯರು ಸಂತೋಷದಿಂದಲೇ ಒಪ್ಪಿಕೊಂಡರೆ?

"ಏ, ನಿನ್ನ ನಾಯಿ ಅಂದ್ರ ನನ್ನ ನಾಯಿ" ಅಂದ. ಅವರ ಮನ್ಯಾಗ ಹುಟ್ಟಾ ಯಾರೂ ನಾಯಿ ಸಾಕಿಲ್ಲ. ಅವರ ಅವ್ವಾರು ನಾಯಿ ಹೊಸ್ತಲಾ ಮುಟ್ಟಿದ್ರ ಕೊಡಗಟ್ಟಲೆ ನೀರ ಸುರೀತಾರ. ಆಗೂದಿಲ್ಲ ಅನ್ನಾಕ ಅಂವಗ ನಾಚಿಕಿ. ಖರ್ಚಿಗೆ ಒಂದಿಷ್ಟ ರೊಕ್ಕ ಇಟ್ಟುಕೋ ಅನ್ನಾಕ ನಮ್ಮವರಿಗೆ ನಾಚಿಕಿ. ದೋಸ್ತರ ನಡಕ ರೊಕ್ಕದ ಮಾತು ಹ್ಯಾಂಗ ಆಡೂದು ಅಂತ. ಆ ಎರಡು ನಾಚಿಕಿ ನಡಕ ನನ್ನ ಕಟ್ಟಿ ಹಾಕಿದ್ರು. ಒಂದ ಚೀಲ ಗೋವಿನಜೋಳದ ನುಚ್ಚು ಇಳಿಸಿ, "ಏನ್ ಹಾಕಿದ್ರೂ ತಿಂತೈತಿ, ಚಿಂತಿಲ್ಲ" ಅಂದು ನಮ್ಮವರು ಗಾಡಿ ಏರಿದ್ರು. ಆ "ಏನ್ ಹಾಕಿದ್ರೂ" ಅನ್ನೂ ಮಾತ ನೆನಪ ಇಡ್ರಿ, ಮುಂದ ಬರ್ತೈತಿ.

ಬನಹಟ್ಟಿಯಲ್ಲಿ ಏನಾಯಿತು? ಸೀರೆ ಹರಿದಿರಿ ಎಂಬುದು ನಿಮ್ಮ ಮೇಲಿನ ಮೊದಲ ಆರೋಪ.

ಸೀರಿ ಹರಿಯೂದ ನನ್ನ ಉದ್ದೇಶ ಆಗಿರಲಿಲ್ಲ. ನಾವು ಕಣ್ಣಿನ ನಾಯಿರಿ. ಬ್ಯಾರೇ ನಾಯಿ ಮೂಗ ನೆಲಕ್ಕ ಹಚ್ಚಿ ಹುಡುಕಿದ್ರ, ನಾವು ತಲಿ ಎತ್ತಿ ನೋಡ್ತೀವಿ. ಯಾವುದರ ಸರ್ ಅಂತು ಅಂದ್ರ ಕಾಲು ಮೊದಲ ಓಡ್ತಾವ, ತಲಿಗೆ ಸುದ್ದಿ ಆಮ್ಯಾಲ ಮುಟ್ಟತೈತಿ. ಬಯಲಸೀಮ್ಯಾಗ ಮೊಲದ ಹಿಂದ ಓಡಿ ಬೆಳದ ಕುಲ. ಅಂಥವನ್ನ ತಂದು ಎಲ್ಲಿ ಕಟ್ಟಿದ್ರು? ಪಾವರ್‌ಲೂಮ್ ಶೆಡ್ಡಿನ ಬಾಗಿಲದಾಗ! ಲಾಳಿ ಆ ಕಡಿಂದ ಈ ಕಡಿ, ಈ ಕಡಿಂದ ಆ ಕಡಿ. ಕರೆಂಟ್ ಇರೂತನ ನಿಲ್ಲೂದಿಲ್ಲ. ಕಣ್ಣ ಮುಂದ ನಿಮಿಷಕ್ಕ ನೂರ ಸಲ ಮೊಲ ಹಾಯ್ದ ಹೋದ್ರ, ನೀವಾದ್ರೂ ಎಷ್ಟ ದಿನ ತಡಕೊಂತೀರಿ?

ಮೂರನೇ ದಿನ ಚೈನಿನ ಕೊಂಡಿ ಬಿಚ್ಚಿತು. ನಾ ಜಿಗದದ್ದು ನೆನಪೈತಿ. ಯಾರೋ ಮೋಟಾರ್ ಬಂದ್ ಮಾಡಿದ್ರು, ಇಲ್ಲಾಂದ್ರ ಇವತ್ತ ನೀವು ಸಂದರ್ಶನ ಮಾಡ್ತಿರಲಿಲ್ಲ, ಶ್ರದ್ಧಾಂಜಲಿ ಬರೀತಿದ್ರಿ. ಅರ್ಧ ಸೀರಿ ಹೋತು, ಹಾಸಿನ ಎಳಿ ಎಲ್ಲಾ ಹರದವು. ಒಂದೊಂದ ಎಳಿ ಹುಡುಕಿ ಗಂಟ ಹಾಕೂತನ ಆ ಮಗ್ಗ ಸುಮ್ಮನ ನಿಂತಿತು. ಮಗ್ಗ ನಿಂತ ದಿನ ನೇಯೂ ಹುಡುಗಗ ಪಗಾರಿಲ್ಲ. ಆ ಹುಡುಗ ನನ್ನ ಹೆಂಗ ನೋಡಿದ ಅಂತ ನನಗಷ್ಟ ಗೊತ್ತೈತಿ. ಚಹಾದಂಗಡ್ಯಾಗ ಅವನ ಸುದ್ದಿ ಯಾರೂ ತಗ್ಯಾಂಗಿಲ್ಲ.

ಆಮೇಲೆ ಬೀಳಗಿಗೆ ಸಾಗಹಾಕಿದರು.

ದೋಸ್ತನ ಅಳಿಯನ ಮನಿಗೆ. ನಮ್ಮವರ ಕಡೀಂದ ಒಂದ ಫೋನಿಲ್ಲ, ದೋಸ್ತನ ಕಡೀಂದ ಒಂದ ಸುದ್ದಿಯಿಲ್ಲ. ನಮ್ಮ ಮಾಲಕರು ಹಾದ್ಯಾಗ "ಮಲ್ಲಯ್ಯ" ಅನಕೊಂತ ನಡದಿದ್ರು, ನಾ ಟಾಟಾ ಏಸ್ ಹಿಂದ ನಿಂತು ಬೀಳಗಿ ಮುಟ್ಟಿದ್ದೆ. ಅಳಿಯ ಹುಡುಗ ನನ್ನ ನೋಡಿ ಭಾಳ ಖುಷಿ ಆದ. ಅಲ್ಲೇ ನನಗ ಎದಿ ಧಸಕ್ ಅಂತು. ನಾಯಿ ಸಾಕದವನ ಕೈಯಾಗ ಮುಧೋಳ ನಾಯಿ ಸಿಕ್ರ ಅಂವ ಮೊದಲ ಫೋನ್ ತಗೀತಾನ, ವಿಡಿಯೋ ಮಾಡಾಕ.

ಯಡಹಳ್ಳಿ ಪ್ರಕರಣ ಅದೇ ಏನು?

ಅದೇರಿ. "ಮೊಲದ ಹಿಂದ ಬಿಟ್ಟ ತೋರಸ್ತೀನಿ" ಅಂತ ನಸುಕಿನ್ಯಾಗ ಕರಕೊಂಡ ಹೋದ. ಯಡಹಳ್ಳಿ ಅಂದ್ರ ಬೀಳಗಿ-ಮುಧೋಳ ತಾಲೂಕಿನ ನಡಕಿನ ಕುರುಚಲ ಅಡವಿ, 2016ರಾಗ ಚಿಂಕಾರ ವನ್ಯಧಾಮ ಅಂತ ಘೋಷಣಾ ಆಗೇತಿ, 96 ಚದರ ಕಿಲೋಮೀಟರಿನ ಮ್ಯಾಲ ಐತಿ. ನನಗ ಬೋರ್ಡ ಓದಾಕ ಬರೂದಿಲ್ಲ. ಅಂವ ಬಿ.ಎ. ಮಾಡ್ಯಾನ. ಅಲ್ಲಿ ಮೊಲ ಹಿಡಿದ್ರೂ 1972ರ ಕಾಯ್ದೆ ಪ್ರಕಾರ ಗುನ್ನೆ, ಚಿಂಕಾರ ಮುಟ್ಟಿದ್ರಂತೂ ಕೇಳೂದ ಬ್ಯಾಡ. ಮಲ್ಲಯ್ಯನ ಪುಣ್ಯ, ಎರಡೂ ಸಿಗಲಿಲ್ಲ. ಫಾರೆಸ್ಟ್ ಗಾರ್ಡ್ ಸಿಕ್ರು. "ನಾಯಿ ಯಾರದು?" ಅಂದ್ರು. ಅಳಿಯ "ನಂದಲ್ಲರಿ, ಮಾವಂದು" ಅಂದ. ಮಾವಗ ಫೋನ್ ಹಚ್ಚಿದ್ರು, "ನಂದಲ್ಲರಿ, ದೋಸ್ತಂದು" ಅಂದ. ದೋಸ್ತ ಶ್ರೀಶೈಲದ ಹಾದ್ಯಾಗ, ನೆಟ್‌ವರ್ಕ್ ಇಲ್ಲ. ಗಾರ್ಡ್ ಬೈದು ಕಳಿಸಿದ್ರು. ಪ್ರಧಾನಿಯವರ ಬಾಯಾಗ ಬಂದ ತಳಿರಿ ನಮ್ಮದು. ಅವತ್ತ ಅಡವ್ಯಾಗ ನಿಂತು ನಾ ಯಾರ ನಾಯಿನೂ ಆಗಿರಲಿಲ್ಲ.

ಪ್ರಧಾನಿಯವರ ಮಾತು ಬಂತು. ಅದರ ಬಗ್ಗೆ ನಿಮ್ಮ ಅಭಿಪ್ರಾಯ?

2018ರ ಮೇದಾಗ, ಎಲೆಕ್ಷನ್ ಹೊತ್ತಿನ್ಯಾಗ, ಜಮಖಂಡಿ ಸಭಾದಾಗ ದೇಶಭಕ್ತಿ ನಮ್ಮನ್ನ ನೋಡಿ ಕಲೀಬೇಕು ಅಂದ್ರು. 2020ರ ಆಗಸ್ಟ್‌ದಾಗ ರೇಡಿಯೋದಾಗೂ ನಮ್ಮ ಹೆಸರ ತಗೊಂಡ್ರು. ಸಂತೋಷ. ಕಲಿತವರು ಯಾರೂ ಇನ್ನಾ ಈ ಕಡಿ ಹಾಯ್ದಿಲ್ಲ. ಒಂದ ಮಾತ್ರ ಹೆಮ್ಮಿಂದ ಹೇಳ್ತೀನಿ. ನಮ್ಮಕಿ ರಿಯಾ ಅಂತ ಬಿಎಸ್ಎಫ್‌ದಾಗ ಅದಾಳ. 2024ರಾಗ ಅಖಿಲ ಭಾರತ ಪೊಲೀಸ್ ಸ್ಪರ್ಧಾದಾಗ ಜಾಡು ಹಿಡಿಯೂದರಾಗ ಫಸ್ಟ್ ಬಂದು, ಇಡೀ ಮೀಟಿಗೆ ಬೆಸ್ಟ್ ಡಾಗ್ ಆದ್ಲು. ವಿಲಾಯತಿ ತಳಿ ಎಲ್ಲಾ ಹಿಂದ ಬಿದ್ದವು. ಕಣ್ಣಿನ ನಾಯಿಗೆ ಮೂಗಿನ ಕೆಲಸ ಕಲಿಸಬೇಕಂದ್ರ ಕಲಿಸೂ ಮನಷ್ಯಾ ದಿನಾ ಜೋಡೀಲೆ ಇರಬೇಕಾಗ್ತೈತಿ. ಆಕಿ ಹ್ಯಾಂಡ್ಲರ್ ಆಕೀನ್ನ ಅಳಿಯನ ಮನ್ಯಾಗ ಬಿಟ್ಟ ಹೋಗಿರಲಿಕ್ಕಿಲ್ಲ.

ಇನ್ನು ಜಮಖಂಡಿ. ಅಲ್ಲೇ ಅಲ್ಲವೆ ಜೀವಕ್ಕೆ ಬಂದದ್ದು?

(ರಾಜಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂಗಾಲು ನೆಕ್ಕಿಕೊಂಡ.)

ಅಳಿಯ ಸಾಕಾತು ಅಂದ ಮ್ಯಾಲ ದೋಸ್ತ ತಾನ ಬಂದು ಕರಕೊಂಡ ಹೋದ. ಜಮಖಂಡಿ ಕಡಿ ಅವರ ಬೀಗರದು ದ್ರಾಕ್ಷಿ ತ್ವಾಟ. ಮಗ್ಗ ಇಲ್ಲ, ಅಡವಿ ಇಲ್ಲ, ತ್ರಾಸಿಲ್ಲ ಅಂದುಕೊಂಡ. ಒಣದ್ರಾಕ್ಷಿ ಮಾಡೂ ದಿನ ಅವು. ಶೆಡ್ಡಿನಾಗ ಜಾಳಗಿ ಮ್ಯಾಲ ದ್ರಾಕ್ಷಿ ಹಾಸಿ ಒಣಗಿಸ್ತಿದ್ರು. ಆ ಮನಿ ಸಣ್ಣ ಹುಡುಗ್ರು ನನ್ನ ಭಾಳ ಹಚ್ಚಿಕೊಂಡ್ರು. ಇಡೀ ಪ್ರವಾಸದಾಗ ನನ್ನ ಪ್ರೀತಿಲೆ ನೋಡಿದವರು ಅವರಷ್ಟ. ಪ್ರೀತಿ ಅಂದ್ರ ಅವರ ಮನ್ಯಾಗ ಏನೈತಿ ಅದನ್ನ ಕೊಡೂದು. ಮುಷ್ಟಿಗಟ್ಟಲೆ ಒಣದ್ರಾಕ್ಷಿ ಕೊಟ್ರು. ನಾ ತಿಂದೆ. ಏನ್ ಹಾಕಿದ್ರೂ ತಿಂತೀನಿ ಅಂತ ನಮ್ಮವರು ಹೇಳಿ ಹೋಗಿದ್ರಲ್ಲ.

ನಿಮ್ಮ ಓದುಗರಿಗೆ ದಪ್ಪ ಅಕ್ಷರದಾಗ ಹೇಳ್ರಿ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಮೂತ್ರಪಿಂಡ ಕೆಡತಾವ. ಒಂದ ನಾಯಿಗೆ ನಾಕ ಕಾಳ ಸಾಕಾಗ್ತೈತಿ, ಇನ್ನೊಂದಕ್ಕ ಏನೂ ಆಗೂದಿಲ್ಲ, ಇಷ್ಟ ತಿಂದ್ರ ನಡೀತೈತಿ ಅಂತ ಯಾರೂ ಹೇಳಾಕ ಬರೂದಿಲ್ಲ. ಕರದಂಟಿನ್ಯಾಗೂ ಅದ ಇರ್ತೈತಿ. ಉಳ್ಳಾಗಡ್ಡಿ, ಚಾಕಲೇಟೂ ಬ್ಯಾಡ. ಹಬ್ಬದಾಗ ಪ್ರೀತಿಲೆ ತುತ್ತ ಹಾಕವರು ತಟ್ಟ್ಯಾಗ ಏನೈತಿ ಒಮ್ಮಿ ನೋಡ್ರಿ.

ಅವತ್ತ ರಾತ್ರಿ ವಾಂತಿ ಚಾಲೂ ಆತು. ಮುಂಜಾನಿ ಎದ್ದ ನಿಲ್ಲಾಕ ಆಗಲಿಲ್ಲ. ದನದ ಡಾಕ್ಟರ್ ಹತ್ರ ಒಯ್ದು ಸಲಾಯಿನ್ ಹಚ್ಚಿದ್ರು. ಬಾಟ್ಲಿ ತೂಗುಹಾಕಾಕ ಅಲ್ಲಿ ಒಂದ ಮೊಳಿ ಇರಲಿಲ್ಲ. ದೋಸ್ತ ಕೈಯಾಗ ಎತ್ತಿ ಹಿಡಕೊಂಡ ನಿಂತ. ಬಲಗೈ ಜೋಮ ಹಿಡಿದ್ರ ಎಡಗೈ, ಎಡಗೈ ಜೋಮ ಹಿಡಿದ್ರ ಬಲಗೈ. ಹಿಂದ ಒಂದ ನಾಯಿ ಮುಟ್ಟಿದವಲ್ಲ, ಇನ್ನೊಂದ ಕೈ ನನ್ನ ತಲಿ ಮ್ಯಾಲ ಇಟ್ಟಿದ್ದ. ಗುರುತಿಲ್ಲದವರು ಮುಟ್ಟಿದ್ರ ನನಗ ಸೇರೂದಿಲ್ಲ ಅಂದೆನಲ್ಲ, ಅವತ್ತ ಸುಮ್ಮನ ಇದ್ದೆ.

ಈ ಮಾತನ್ನು ಅವರು ಎಲ್ಲೂ ಹೇಳಿಲ್ಲವಲ್ಲ!

ಹೇಳಿದ್ರ ನಮ್ಮವರು "ಮಾಡಿದ ತಪ್ಪಿಗೆ ನಿಂತ" ಅಂತಾರ. ಅದೂ ಖರೇನ.

ನಿಮ್ಮ ಮಾಲೀಕರಿಗೆ ಇಷ್ಟು ಸಿಟ್ಟು ಬಂದದ್ದು ಒಣದ್ರಾಕ್ಷಿಗೆ ತಾನೆ?

ಹಂಗಂತ ಹೇಳ್ತಾರ. ಒಳಗಿಂದು ಕೇಳ್ರಿ. ಬೀಳಗಿ ಅಳಿಯ ಯಾರನ್ನೂ ಕೇಳದ ನನ್ನ ಒಂದ ಹೆಣ್ಣ ನಾಯಿಗೆ ಕ್ರಾಸ್ ಮಾಡಿಸಿದ್ದ. ಎರಡ ತಿಂಗಳ ಮ್ಯಾಲ ಸುದ್ದಿ ಬಂತು, ಆರು ಮರಿ. ಆರೂ ಮಾರಿದ್ದ. ಸಲಾಯಿನ್ ಸುದ್ದಿ ಕೇಳಿದಾಗ ನಮ್ಮವರ ಕಣ್ಣಾಗ ನೀರ ಬಂದಿತ್ತು, ಮರಿ ಸುದ್ದಿ ಕೇಳಿದಾಗ ಕೆಂಪ ಆದವು. ದೋಸ್ತನ ಜೋಡಿ ಮಾತ ಬಿಟ್ಟದ್ದು ಎರಡನೇದಕ್ಕ. (ಸ್ವಲ್ಪ ತಡೆದು) ಆ ಮರಿ ವಿಷಯದಾಗ ನನ್ನ ಸ್ವಂತ ತಕರಾರ ಏನೂ ಇಲ್ಲ. ಅದನ್ನ ಬರಕೋಬ್ಯಾಡ್ರಿ.

ಕೇಸು ಹಾಕುತ್ತೇನೆ ಎಂದಿದ್ದರಂತೆ?

ವಕೀಲರ ಹತ್ರ ಹೋಗಿದ್ರು. ಪ್ರಾಣಿಗೆ ಹಿಂಸಾ ಕೊಟ್ರ 1960ರ ಕಾಯ್ದೆ ಐತಿ, ಮೊದಲ ಸಲಕ್ಕ ದಂಡ ಹತ್ತರಿಂದ ಐವತ್ತು ರೂಪಾಯಿ ಅಂತ ವಕೀಲರು ಅಂದ್ರು. ನಮ್ಮವರು ಬೆಪ್ಪಾಗಿ ಕುಂತ್ರು. ವಕೀಲರ ಫೀ ಅದಕ್ಕಿಂತ ಹೆಚ್ಚಿಗಿ ಆಗಿತ್ತು. ನಾ ಏನೂ ಅನಲಿಲ್ಲ. 2005ರಾಗ ಅಂಚೆ ಇಲಾಖೆಯವರು ನಮ್ಮ ಚಿತ್ರ ಹಾಕಿ ತಂದ ಚೀಟಿ ಬೆಲಿ ಐದು ರೂಪಾಯಿ. ಆ ಲೆಕ್ಕದಾಗ ಐವತ್ತು ಭಾಳ ಆತು.

ನಿಮ್ಮ ಊರು ರನ್ನನ ಊರು. ಗೆಳೆತನದ ಬಗ್ಗೆ ಅವನ ದುರ್ಯೋಧನ ಎಷ್ಟೊಂದು ಮಾತಾಡಿದ್ದಾನೆ.

ಯಾವಾಗ ಮಾತಾಡ್ದ? ಕರ್ಣ ಸತ್ತ ಬಿದ್ದ ಮ್ಯಾಲ. ನಮ್ಮವರ ದೋಸ್ತ ಜೀವಂತ ಅದಾನ, ಒಂದ ಬಸ್ ಹತ್ತಿದ್ರ ಸಿಗ್ತಾನ. ನಮ್ಮವರು ಹೋಗೂದಿಲ್ಲ. ಸಿಟ್ಟ ಇಳಿಯೂದಂತೂ ದೂರ, ಏರಾಕ ಹತ್ತೇತಿ. ಮೊದಲ ತಿಂಗಳ ಚಹಾದಂಗಡ್ಯಾಗ "ಒಂದ ಮುಷ್ಟಿ ಒಣದ್ರಾಕ್ಷಿ ಹಾಕ್ಯಾರ" ಅಂತಿದ್ರು. ಶ್ರಾವಣದಾಗ ಅರ್ಧ ಕಿಲೋ ಆತು. ದೀಪಾವಳಿಗೆ ಬಾಕ್ಸ್ ಆತು. ಅಷ್ಟ ತಿಂದಿದ್ರ ನಾ ಇವತ್ತ ಇಲ್ಲಿ ಕುಂದ್ರತಿದ್ನೇನು? ಆ ಕಡಿ ದೋಸ್ತ ಹರದ ಸೀರಿ ಲೆಕ್ಕ ಹೇಳ್ತಾನ. ಅದೂ ಅರ್ಧದಿಂದ ಶುರು ಆಗಿ ಈಗ ನಾಕಕ್ಕ ಬಂದೈತಿ.

ಹಾಗಾದರೆ ತಪ್ಪು ಯಾರದು?

ದೋಸ್ತಂದು ಐತಿ. ಆಗೂದಿಲ್ಲ ಅನ್ನಬೇಕಿತ್ತು, ಅಳಿಯನ ಕೈಯಾಗ ಕೊಡಬಾರದಿತ್ತು. ಆದ್ರ ಹೇಳಲಾರದ ಕೊಟ್ಟ ಹೋದವರದು ಏನು? ನಮ್ಮನ್ನ ಹಿಂಗ ಕೊಟ್ಟು ಕೈ ತೊಳಕೊಳ್ಳೂದು ಹೊಸಾದಲ್ಲ. ಹಿಂದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ವಿಲಾಯತಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ನಮ್ಮ ಕುಲದ ಒಂದ ಜೋಡಿ ಕಾಣಿಕಿ ಕೊಟ್ರಂತ. ಊರಾಗ ಎಲ್ಲಾರೂ ಎದಿ ಉಬ್ಬಿಸಿ ಹೇಳ್ತಾರ. ಆ ಚಳ್ಯಾಗ ಸಣ್ಣ ಕೂದಲಿನ ಆ ಜೋಡಿ ಹೆಂಗ ಇತ್ತು, ಏನ್ ತಿಂತು ಅಂತ ನಾ ಕೇಳಿದ್ರ ಯಾರೂ ಉತ್ತರ ಹೇಳೂದಿಲ್ಲ. ಕೊಟ್ಟ ಸುದ್ದಿ ಅಷ್ಟ ಇತಿಹಾಸ.

ಕೊನೆಯ ಪ್ರಶ್ನೆ. ಬರುವ ಯುಗಾದಿಗೆ ಮತ್ತೆ ಪಾದಯಾತ್ರೆ ಇದೆಯೆ?

ಐತಿ. ಮಗಳಿಗೆ ಕೂಸ ಆಗಲಿ ಅಂತ ಹೊಸಾ ಹರಕಿ ಹೊತ್ತಾರ. ಅದಕ್ಕ ನಿಮ್ಮ ಪತ್ರಿಕ್ಯಾಗ ನಂದೊಂದು ಸಣ್ಣ ಜಾಹೀರಾತು ಹಾಕ್ರಿ, ರೊಕ್ಕ ಮಾಲಕರ ಕಡೆ ಇಸಗೋರಿ: "ಮುಧೋಳ ತಳಿಯ ಗಂಡು ನಾಯಿ, ವಯಸ್ಸು ನಾಲ್ಕು, ಯುಗಾದಿ ಮುಗಿಯುವವರೆಗೆ ನೋಡಿಕೊಳ್ಳುವವರು ಬೇಕಾಗಿದ್ದಾರೆ. ದಿನಾ ಎರಡು ಹೊತ್ತು ಬಯಲಿನಲ್ಲಿ ಓಡಿಸಬೇಕು. ಊಟ: ನುಚ್ಚು, ಹಾಲು, ಮೊಟ್ಟೆ. ದನದ ಡಾಕ್ಟರ ನಂಬರ್ ಗೋಡೆಯ ಮೇಲೆ ಬರೆದಿರಬೇಕು. ಸಂಬಳ ಮುಂಗಡ ಕೊಡಲಾಗುವುದು. ಮಾಲೀಕರ ದೋಸ್ತರು ಅರ್ಜಿ ಹಾಕಬಾರದು."