ರೋಮಿಂಗ್ ಪ್ರೊಫೈಲ್ ಜೊತೆ ಅರ್ಧ ಗಂಟೆ

(ಆಫೀಸ್ ಲ್ಯಾಪ್‌ಟಾಪೊಂದರ ವಿಂಡೋಸ್ ರೋಮಿಂಗ್ ಪ್ರೊಫೈಲನ್ನು ಮಾತಾಡಿಸಿದ್ದು. ನೆಟ್‌ವರ್ಕ್ ಇರಲಿಲ್ಲವಾದ್ದರಿಂದ ಅದಕ್ಕೂ ಪುರುಸೊತ್ತಿತ್ತು.)

ಕಸುಬು?

ಹಮಾಲಿ. ಲಾಗಿನ್ ಆದಾಗ ಸರ್ವರ್‌ನಿಂದ ಇಲ್ಲಿಗೆ, ಲಾಗಾಫ್ ಆದಾಗ ಇಲ್ಲಿಂದ ಸರ್ವರ್‌ಗೆ. ಸಾಹೇಬರು ಯಾವ ಕಂಪ್ಯೂಟರ್ ಮುಂದೆ ಕೂತರೂ ಅದೇ ತಿರುಪತಿ ತಿಮ್ಮಪ್ಪನ ವಾಲ್‌ಪೇಪರ್ ಕಾಣಬೇಕಲ್ಲ.

ಭಾರ ಜಾಸ್ತಿಯೇ?

ಡೆಸ್ಕ್‌ಟಾಪ್ ಮೇಲೆ ಮಗಳ ಮದುವೆ ವಿಡಿಯೊ ಇಟ್ಟಿದ್ದಾರೆ. ಬದಲಾಗದ ಫೈಲನ್ನು ದಿನಾ ಹೊರಬೇಕಿಲ್ಲ, ನಿಜ. ಆದರೆ ಹೊಸ ಕಂಪ್ಯೂಟರಿನಲ್ಲಿ ಮೊದಲ ಸಲ ಕೂತ ದಿನ ದಿಬ್ಬಣ ಪೂರ್ತಿ ಹೊರಡಲೇಬೇಕು.

ಸರ್ವರ್ ಸಿಗದ ಊರಲ್ಲಿ?

ಡಿಸ್ಕಿನಲ್ಲಿರುವ ನಕಲಿನಿಂದಲೇ ಸಂಸಾರ. ಲಾಗಿನ್ ಗುರುತನ್ನೂ ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ, ಮಾಮೂಲಿಗೆ 10 ಜನರದ್ದು. ಪಜೀತಿ ವಾಪಸ್ ಬಂದ ಮೇಲೆ. ಅಷ್ಟರಲ್ಲಿ ಆಫೀಸ್ ಕಂಪ್ಯೂಟರಿನಲ್ಲೂ ಏನೋ ಬದಲಿಸಿರುತ್ತಾರೆ. ಬೇರೆ ಫೈಲುಗಳನ್ನು ತಾರೀಖು ನೋಡಿ ಹೊಂದಿಸಬಹುದು. ಸೆಟ್ಟಿಂಗ್‌ಗಳಿರುವ ಎನ್‌ಟಿಯೂಸರ್ ಡಾಟ್ ಡ್ಯಾಟ್ ಮಾತ್ರ ಇಡಿಯಾಗಿ ಒಂದೇ ಫೈಲು. ಪಾಲು ಮಾಡೋ ಹಾಗಿಲ್ಲ. ಕೊನೆಗೆ ಬರೆದವನದೇ ಗೆಲುವು.

ವೈರಿ ಯಾರು?

ಗ್ರೂಪ್ ಪಾಲಿಸಿಯಲ್ಲಿ ಒಂದು ಟಿಕ್: ಲಾಗಾಫ್ ಆದೊಡನೆ ನಕಲು ಅಳಿಸು. ಕಾಲೇಜ್ ಲ್ಯಾಬಿಗೆ ಸರಿಯಾದದ್ದೇ, ಹತ್ತಾರು ಹುಡುಗರು ಕೂತೇಳುವ ಜಾಗ, ಡಿಸ್ಕ್ ತುಂಬಬಾರದು. ಅದನ್ನೇ ಲ್ಯಾಪ್‌ಟಾಪಿಗೂ ಹಾಕಿದ ಪುಣ್ಯಾತ್ಮರಿದ್ದಾರೆ! ರೈಲಿನಲ್ಲಿ ತೆರೆದರೆ ತಿಮ್ಮಪ್ಪನೂ ಇಲ್ಲ, ಫೈಲೂ ಇಲ್ಲ. ತಾತ್ಕಾಲಿಕ ಪ್ರೊಫೈಲ್ ಅನ್ನುವ ಸೂಚನೆ. ಅದರ ಡೆಸ್ಕ್‌ಟಾಪ್ ಮೇಲೆ ರಾತ್ರಿಯೆಲ್ಲ ಕೂತು ಮಾಡಿದ ವರದಿ ಲಾಗಾಫ್ ಆದರೆ ಮಾಯ. ಬೈಗುಳ ನನಗೆ.

ದಾರಿ?

ಡಾಕ್ಯುಮೆಂಟ್ಸನ್ನು ಸರ್ವರ್‌ಗೆ ರೀಡೈರೆಕ್ಟ್ ಮಾಡಿ, ಆಫ್‌ಲೈನ್ ಫೈಲ್ಸ್ ಆನ್ ಮಾಡಿ. ವಿಂಡೋಸ್ 2000ದಿಂದ ಇರುವ ಸೌಲಭ್ಯ. ನನಗೆ ಸೆಟ್ಟಿಂಗ್ ಅಷ್ಟೇ ಸಾಕು. ಸದಾ ಊರೂರು ಸುತ್ತುವವರಿಗೆ ನಾನೇ ಬೇಡ, ಲೋಕಲ್ ಪ್ರೊಫೈಲ್ ಕೊಡಿ. ನನ್ನ ಹೊಟ್ಟೆಪಾಡಿಗೆ ಕಲ್ಲು ಬಿದ್ದರೂ ಇದ್ದದ್ದು ಹೇಳಬೇಕಲ್ಲ.

ಬಂಧುಬಳಗ?

ಸರ್ವರ್‌ನಲ್ಲಿ ವಿಂಡೋಸ್ ಆವೃತ್ತಿಗೆ ತಕ್ಕಂತೆ ವಿ2, ವಿ6 ಅಂತ ಬೇರೆ ಬೇರೆ ಮನೆ ಮಾಡಿಕೊಂಡಿದ್ದೇವೆ. ವಿಂಡೋಸ್ 7ರವನಿಗೂ 10ರವನಿಗೂ ಮಾತಿಲ್ಲ.

ಸದ್ಯದ ಚಿಂತೆ?

ಸಾಹೇಬರು ಲಾಗಾಫ್ ಆಗುವುದೇ ಇಲ್ಲ, ಮುಚ್ಚಳ ಮುಚ್ಚಿ ಎದ್ದು ಹೋಗುತ್ತಾರೆ. ನಾನು ಹೊರೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿರುತ್ತೇನೆ.

ದೂರು ಕೊಡಬಾರದೆ?

ತಾತ್ಕಾಲಿಕ ಪ್ರೊಫೈಲ್ ಬಂದಾಗಲೆಲ್ಲ 1511 ಅಂತ ನಂಬರ್ ಹಾಕಿ ಈವೆಂಟ್ ಲಾಗ್‌ನಲ್ಲಿ ಬರೆದಾಗಿದೆ. ಓದುವವರು ಬೇಕಲ್ಲ ಸ್ವಾಮಿ.