ಜಾಮೀನಿಗೆ ಬಂದ ಪಹಣಿ

ಮೂಡಿಗೆರೆ ಕೋರ್ಟಿನ ಆವರಣ. ಎರಡೂವರೆ ಎಕರೆ ಕಾಫಿ ತೋಟದ ಪಹಣಿಯೊಂದು ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗೆ ಕುಳಿತು ಕೂಗಿಗಾಗಿ ಕಾಯುತ್ತಿತ್ತು. ಊಟದ ಬಿಡುವಿನಲ್ಲಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ಇವತ್ತು ಯಾರ ಸಲುವಾಗಿ ಬಂದಿರಿ?

ಪಹಣಿ: ಯಜಮಾನರ ತಂಗಿ ಮಗನ ಸಲುವಾಗಿ. ಬೇಲಿ ಜಗಳದಲ್ಲಿ ಪಕ್ಕದ ತೋಟದವನ ತಲೆ ಒಡೆದ ಅಂತ ಕೇಸು. ನಿನ್ನೆ ಬೇಲ್ ಆಯ್ತು. ಆದರೆ ಬೇಲ್ ಆಗುವುದೇ ಬೇರೆ, ಹುಡುಗ ಮನೆಗೆ ಬರುವುದೇ ಬೇರೆ ಮಾರಾಯ್ರೆ. ಒಂದು ಲಕ್ಷದ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಶ್ಯೂರಿಟಿ ಅಂತ ಆರ್ಡರ್. ಒಬ್ಬರು ನಮ್ಮ ಯಜಮಾನರು. ಇನ್ನೊಬ್ಬರು ಹುಡುಗನ ದೊಡ್ಡಪ್ಪ. ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ.

ಪ್ರಶ್ನೆ: ಪಹಣಿಯೇ ಬೇಕು ಅಂತ ಕಾನೂನಿನಲ್ಲಿದೆಯೇ?

ಪಹಣಿ: ಎಲ್ಲೂ ಇಲ್ಲ. ಹಳೇ ಸಿಆರ್‌ಪಿಸಿಯ 441ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 485, ಎರಡೂ ಕೇಳುವುದು ಸಮರ್ಥನಾದ ಜಾಮೀನುದಾರನನ್ನು, ಅಂದರೆ ಮನುಷ್ಯನನ್ನು. ಆರೋಪಿ ಇವನ ಮಾತು ಕೇಳುತ್ತಾನಾ, ತಪ್ಪಿಸಿಕೊಂಡರೆ ಇವನು ಹುಡುಕಿ ತರುತ್ತಾನಾ ಅಂತ ವಿಚಾರಿಸಲು ಹೊತ್ತು ಬೇಕಲ್ಲ? ನನ್ನನ್ನು ಓದಲು ಅರ್ಧ ನಿಮಿಷ ಸಾಕು. 3ನೇ ಕಾಲಂ ವಿಸ್ತೀರ್ಣ, 9ನೇ ಕಾಲಂ ಹೆಸರು, 11ನೇ ಕಾಲಂ ಸಾಲ. ಮನುಷ್ಯ ಸಮರ್ಥನೋ ಅಲ್ಲವೋ ತೀರ್ಮಾನವಾಯಿತು.

ಪ್ರಶ್ನೆ: ಮಲೆನಾಡಿನ ಪಹಣಿಗಳೆಲ್ಲ ಅಷ್ಟು ಶುದ್ಧವಾಗಿವೆಯೇ?

ಪಹಣಿ: (ಕೆಮ್ಮುತ್ತದೆ) ನನ್ನನ್ನೇ ನೋಡಿ. ಯಜಮಾನರಿಗೆ ಮೊಮ್ಮಕ್ಕಳಾದವು, ನನ್ನಲ್ಲಿ ಮಾತ್ರ ಮೊನ್ನೆ ಮೊನ್ನೆಯವರೆಗೆ ಅವರ ಅಜ್ಜನ ಹೆಸರೇ ಇತ್ತು. ಪೌತಿ ಖಾತೆಗೆ ಅಲೆದೂ ಅಲೆದೂ ಈಗ ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದೆ. ಒಬ್ಬ ಶ್ಯೂರಿಟಿ ಹಾಕುತ್ತೇನೆ ಅಂದರೆ ಉಳಿದವರ ಹೆಂಡತಿಯರಿಗೆ ಅವತ್ತು ನಿದ್ದೆಯಿಲ್ಲ. ನನ್ನ ಪಕ್ಕದ ತೋಟ ನೋಡಲು ನನಗಿಂತ ಚೆಂದ, ಪೂರ್ತಿ ಒತ್ತುವರಿ. ಅದರ ಧಣಿ ಕಾರಿನಲ್ಲಿ ಓಡಾಡುತ್ತಾರೆ, ಒತ್ತುವರಿ ಸಕ್ರಮಕ್ಕೆ ಹಾಕಿದ ಫಾರಂ 57ರ ಅರ್ಜಿ ಕೈಯಲ್ಲಿದೆ, ಶ್ಯೂರಿಟಿಗೆ ಮಾತ್ರ ಬರುವಂತಿಲ್ಲ. ಇನ್ನು 2019ರ ಆಗಸ್ಟ್ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿಯಿತಲ್ಲ? ಮನೆ, ತೋಟ ಎಲ್ಲ ಮಣ್ಣಿನಡಿ ಹೋದವು. ಗುಡ್ಡ ಜರಿದರೂ ಪಹಣಿ ಜರಿಯುವುದಿಲ್ಲ. ಕಾಗದದ ಮೇಲೆ ಒಂದು ಗುಂಟೆಯೂ ಕಡಿಮೆಯಾಗದು.

ಪ್ರಶ್ನೆ: ಮನೆಯವರು ಸಂತೋಷದಿಂದ ಕಳಿಸಿದರೇ?

ಪಹಣಿ: ಸಂತೋಷವೇ! ರಾತ್ರಿ ಹನ್ನೊಂದರವರೆಗೆ ಪಂಚಾಯಿತಿ. ತಂಗಿ ಬಂದು ಅತ್ತರು. ‘ಅಣ್ಣಾ, ನೀನಲ್ಲದಿದ್ದರೆ ನಂಗೆ ಯಾರು?’ ಅಂದರು. ಅತ್ತಿಗೆ ಕಾಫಿ ಕೊಟ್ಟು ಒಳಗೆ ಹೋದವರು ಪಾತ್ರೆ ಜೋರಾಗಿ ತೊಳೆದರು. ಮಗ ನನ್ನ ಫೋಟೋ ತೆಗೆದು ಬೆಂಗಳೂರಿನ ಗೆಳೆಯನಿಗೆ ಕಳಿಸಿ ‘ಇದು ಅಡವಾ?’ ಅಂತ ಕೇಳಿದ. ಅಡವಲ್ಲ. ಬಾಂಡಿಗೆ ಸಹಿ ಹಾಕುವುದು ಯಜಮಾನರು, ನಾನು ಬರೀ ಪುರಾವೆ. ಹುಡುಗ ವಾಯಿದೆಗೆ ಹಾಜರಾಗುತ್ತಿದ್ದರೆ ಒಂದು ರೂಪಾಯಿಯೂ ಹೋಗುವುದಿಲ್ಲ.

ಪ್ರಶ್ನೆ: ಹಾಜರಾಗದಿದ್ದರೆ?

ಪಹಣಿ: ಅವನಿಗೆ ವಾರಂಟ್, ನಮ್ಮವರಿಗೆ ನೋಟಿಸ್. ಬಾಂಡಿನ ಹಣ ಕಟ್ಟಬೇಕು. ಕಟ್ಟದಿದ್ದರೆ ಆಸ್ತಿಯಿಂದ ವಸೂಲಿ, ಅದೂ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ತಲೆ ಒಡೆದವನು ಸೋದರಳಿಯ, ಒಳಗೆ ಹೋಗುವವರು ಸೋದರಮಾವ. ಬೇಡಪ್ಪಾ ಅನ್ನಿಸಿದರೆ ಯಾವಾಗ ಬೇಕಾದರೂ ಅರ್ಜಿ ಹಾಕಿ ಶ್ಯೂರಿಟಿಯಿಂದ ಬಿಡಿಸಿಕೊಳ್ಳಬಹುದು, ಕಾನೂನು ಕೊಡುತ್ತದೆ. ಹಾಗೆ ಬಿಡಿಸಿಕೊಂಡವರನ್ನು ಆಮೇಲೆ ಆ ಮನೆಯ ಮದುವೆಗೆ ಕರೆದದ್ದು ನಾನು ಕಂಡಿಲ್ಲ.

ಪ್ರಶ್ನೆ: ನೆಂಟರೇ ಇಲ್ಲದವರು ಏನು ಮಾಡುತ್ತಾರೆ?

ಪಹಣಿ: ದೊಡ್ಡ ಊರುಗಳಲ್ಲಿ ಬಾಡಿಗೆ ನೆಂಟರು ಸಿಗುತ್ತಾರೆ. ನಕಲಿ ಪಹಣಿ, ನಕಲಿ ಆಧಾರ್ ತೋರಿಸಿ ಕಂಡಕಂಡವರಿಗೆ ಜಾಮೀನು ನಿಲ್ಲುವ ತಂಡಗಳನ್ನು ಬೆಂಗಳೂರು ಪೊಲೀಸರು ಹಿಡಿದಿದ್ದಾರೆ. ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿದ ನನ್ನ ತಮ್ಮಂದಿರು! ಈ ಹಿಂದೆ ಎಷ್ಟು ಜನರಿಗೆ ನಿಂತಿದ್ದೀರಿ ಅಂತ ಜಾಮೀನುದಾರ ಬರೆದುಕೊಡಬೇಕು ಎಂಬ ನಿಯಮವೂ ಇದೆ. ಪ್ರಾಮಾಣಿಕರು ಅದನ್ನು ಸರಿಯಾಗಿ ತುಂಬುತ್ತಾರೆ.

ಪ್ರಶ್ನೆ: ತೋಟದ ಲೈನ್ ಮನೆಗಳ ಕೂಲಿಯವರು?

ಪಹಣಿ: (ಸ್ವಲ್ಪ ಹೊತ್ತು ಮಾತಿಲ್ಲ) ನನ್ನ ಮೇಲೆ ಬೆಳೆದ ಕಾಫಿ ಕೊಯ್ಯುವವರು, ಕಪಾತು ಮಾಡುವವರು, ಮರಗಸಿ ಮಾಡುವವರು, ಒಬ್ಬರ ಹೆಸರೂ ನನ್ನ 9ನೇ ಕಾಲಂನಲ್ಲಿಲ್ಲ. ಈಗ ಅಸ್ಸಾಮಿನಿಂದಲೂ ಬರುತ್ತಾರೆ. ಅವರಲ್ಲೊಬ್ಬ ಸಿಕ್ಕಿಬಿದ್ದರೆ ಅವನ ಅಣ್ಣತಮ್ಮಂದಿರ ಜಮೀನು ಬ್ರಹ್ಮಪುತ್ರದ ದಂಡೆಯಲ್ಲಿ, ಕೋರ್ಟು ಇಲ್ಲಿ. ಸಾಹುಕಾರ್ರು ಮನಸ್ಸು ಮಾಡಿದರೆ ತೋಟದ ರೈಟರ ಕೈಲಿ ನನ್ನನ್ನು ಕಳಿಸಬಹುದು. ಕಳಿಸಿದ ಮೇಲೆ ಆ ಆಳು ಕೇಸು ಮುಗಿಯುವ ತನಕ ಬೇರೆ ತೋಟದ ಹೆಸರೆತ್ತುವಂತಿಲ್ಲ, ಕೂಲಿ ಜಾಸ್ತಿ ಕೇಳುವಂತಿಲ್ಲ. ಜೈಲಿನಿಂದ ಬಿಡಿಸಿ ತೋಟಕ್ಕೆ ಕಟ್ಟಿಹಾಕುವ ಕಾಗದವೂ ನಾನೇ. ನನಗದು ಹೆಮ್ಮೆಯ ವಿಷಯವಲ್ಲ.

ಪ್ರಶ್ನೆ: ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲವೇ?

ಪಹಣಿ: 1978ರಲ್ಲೇ ಗೊತ್ತಿತ್ತು. ಮಧ್ಯಪ್ರದೇಶದ ಮೋತಿರಾಮ್ ಅಂತ ಗಾರೆ ಕೆಲಸದವ. ಹತ್ತು ಸಾವಿರಕ್ಕೆ ಜಾಮೀನು ಕೇಳಿದರು, ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಸಾವಿರದ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ಬಸ್ತರದಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದ ಕನ್ನಡಿಗ ಜಾಮೀನಿಗೆ ಎಲ್ಲಿಗೆ ಹೋಗಬೇಕು ಅಂತ ಆ ತೀರ್ಪಿನಲ್ಲಿ ಕೇಳಿದ್ದರು. ನಮ್ಮ ಪರವಾಗಿ ಅವರು ಕೇಳಿದ್ದನ್ನು ಅಸ್ಸಾಮಿನವನ ಪರವಾಗಿ ನಾವು ಇನ್ನೂ ಕೇಳಿಕೊಂಡಿಲ್ಲ. 2024ರ ಆಗಸ್ಟಿನಲ್ಲಿ ಗಿರೀಶ್ ಗಾಂಧಿ ಪ್ರಕರಣ ಬಂತು: ಹದಿಮೂರು ಕೇಸು, ಎಲ್ಲದರಲ್ಲೂ ಬೇಲ್, ಅಷ್ಟಕ್ಕೂ ಬೇರೆ ಬೇರೆ ಶ್ಯೂರಿಟಿ ಎಲ್ಲಿಂದ ತರುವುದು? ಜಾಮೀನಿಗೆ ಬರುವವರು ಹತ್ತಿರದ ನೆಂಟರು ಇಲ್ಲವೇ ಹಳೇ ಸ್ನೇಹಿತರು, ಕ್ರಿಮಿನಲ್ ಕೇಸು ಅಂದರೆ ಅವರೂ ಹಿಂದೆ ಸರಿಯುತ್ತಾರೆ ಅಂತ ಕೋರ್ಟೇ ಹೇಳಿ, ಅವೇ ಶ್ಯೂರಿಟಿಗಳನ್ನು ಹಲವು ಕೇಸುಗಳಿಗೆ ಒಪ್ಪಿಕೊಂಡಿತು. ನಮ್ಮ ಹುಡುಗನ ದೊಡ್ಡಪ್ಪನನ್ನು ನೋಡಿಯೇ ಬರೆದಂತಿದೆ.

ಪ್ರಶ್ನೆ: ನಿಮ್ಮ ಹಂಗಿಲ್ಲದೆ ಹೊರಬಂದವರು ಯಾರೂ ಇಲ್ಲವೇ?

ಪಹಣಿ: ಇದ್ದಾರಲ್ಲ! 1977ರ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರನ್ನು ಬಂಧಿಸಿದಾಗ ಜಾಮೀನೇ ಬೇಡ ಅಂದರು. ಮಾರನೇ ದಿನ ಮ್ಯಾಜಿಸ್ಟ್ರೇಟರು ಷರತ್ತಿಲ್ಲದೆ ಬಿಟ್ಟರು. ಮರುವರ್ಷ ಅವರು ಗೆದ್ದುಬಂದದ್ದು ನಮ್ಮ ಚಿಕ್ಕಮಗಳೂರಿನಿಂದಲೇ. ಆ ಧೈರ್ಯ ನಮ್ಮ ಲೈನ್ ಮನೆಯವನು ತೋರಿಸಿದರೆ ಎಷ್ಟು ದಿನ ಒಳಗಿರುತ್ತಾನೋ ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಓದುಗರಿಗೆ ಏನಾದರೂ ಹೇಳುವುದಿದೆಯೇ? ನಿಮ್ಮನ್ನು ಕೂಗುತ್ತಿದ್ದಾರೆ.

ಪಹಣಿ: ಬೇಗ ಹೇಳಿಬಿಡುತ್ತೇನೆ. ಬೇಲ್ ಆಗಿ ಏಳು ದಿನವಾದರೂ ಒಬ್ಬ ಹೊರಗೆ ಬರದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದು. ಸ್ಥಳೀಯ ಜಾಮೀನೇ ಬೇಕು ಅಂತ ಹಟ ಹಿಡಿಯದಿರುವುದು ಒಳ್ಳೆಯದು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇವು. ನಿಮ್ಮ ತೋಟದ ಲೈನಿನಲ್ಲಿ ಅಂಥವರ ಮನೆಯವರು ಇದ್ದರೆ ಚಿಕ್ಕಮಗಳೂರಿನ ಆ ಪ್ರಾಧಿಕಾರದ ಕಚೇರಿಗೆ ಕಳಿಸಿಕೊಡಿ. ಅಲ್ಲಿಗೆ ಹೋಗಲು ಪಹಣಿ ಬೇಕಿಲ್ಲ.