ಪರ್ಸೆಂಟು ಭಾವ

ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ನಮ್ಮ ಭಾವ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: “15 ಆಂಪಿನ ಪ್ಲಗ್ ಎಲ್ಲಿದೆ?” ಕ್ಷೇಮಸಮಾಚಾರವೆಲ್ಲ ಆಮೇಲೆ. ಇಂಥವರು ಈಗ ಬಳಗಕ್ಕೊಬ್ಬರಿದ್ದಾರೆ. “ಕುಣಿಗಲ್ ಬಂತಾ?” ಅಂದರೆ “ಅರವತ್ತೆಂಟು” ಎನ್ನುತ್ತಾರೆ. ಎ.ಸಿ. ಹಾಕಿ ಅಂದರೆ ಕಿಡ್ನಿ ಕೇಳಿದಂತೆ ನೋಡುತ್ತಾರೆ. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ತಾನೇ ಎರಡು ಪರ್ಸೆಂಟ್ ಏರಿತೆಂದು ಮೊಮ್ಮಗು ಹುಟ್ಟಿದ ಸಂಭ್ರಮದಲ್ಲಿ ಫೋನ್ ಮಾಡಿದ್ದರು. ಹತ್ತುವಾಗ ಎಷ್ಟು ಇಳಿಯಿತೋ, ಆ ಫೋನ್ ಬರಲಿಲ್ಲ.

ಹಾಸನದಲ್ಲಿ ಮಾವನ ವೈಕುಂಠ ಸಮಾರಾಧನೆ. ಬಸ್ ಚಾರ್ಜ್ ಉಳಿಯುತ್ತದೆಂಬ ಆಸೆಗೆ ನಾನೂ ಭಾವನ ಕಾರು ಹತ್ತಿದೆ. 185 ಕಿಲೋಮೀಟರ್ ಬೆವರಿ ಊರು ಮುಟ್ಟಿದಾಗ ಉಳಿದದ್ದು ಹನ್ನೆರಡು. “ಮ್ಯಾಪಲ್ಲಿ ಮೂರು ಪಾಯಿಂಟ್ ಇದೆ, ಯೋಚನೆ ಬೇಡ” ಎಂದರು.

ಮೊದಲನೆಯದು ಹೋಟೆಲೊಂದರ ಅಂಗಳದಲ್ಲಿ. ಚಾರ್ಜರಿಗೆ ಅಡ್ಡಲಾಗಿ ಡೀಸೆಲ್ ಜೀಪು, ಗನ್ನಿನ ಮೇಲೆ ಒಣಗಹಾಕಿದ ಟವೆಲ್. ಮ್ಯಾನೇಜರ್ ಬಂದರೇ ಸ್ವಿಚ್ ಅಂದ ವಾಚ್‌ಮನ್. ಭಾವ ಕೆರಳಿದರು: “ದೇಶದಲ್ಲೇ ಮೊದಲು ಇ.ವಿ. ನೀತಿ ತಂದ ರಾಜ್ಯ ಕಣಯ್ಯಾ ನಮ್ದು, 2017ರಲ್ಲೇ!” “ಇರಬಹುದು ಸಾರ್, ನಾನು ಡ್ಯೂಟಿಗೆ ಸೇರಿ ಎರಡೇ ತಿಂಗಳು.”

ಎರಡನೆಯದು ಪೆಟ್ರೋಲ್ ಬಂಕಿನಲ್ಲಿ. ನಿಜವಾದ ಫಾಸ್ಟ್ ಚಾರ್ಜರು, ನಮ್ಮ ಗನ್ನೇ. ಆದರೆ ಆ್ಯಪ್ ಹಾಕಬೇಕು, ಆ್ಯಪಿಗೆ ದುಡ್ಡು ಹಾಕಬೇಕು, ದುಡ್ಡಿಗೆ ಓಟಿಪಿ ಬರಬೇಕು. ಬಿಸಿಲಲ್ಲಿ ಫೋನನ್ನು ಆರತಿ ತಟ್ಟೆಯಂತೆ ಮೇಲೆತ್ತಿ ನಿಂತೆವು. ಓಟಿಪಿ ಬಂತು, ಅದರ ಅವಧಿ ಮುಗಿದ ಮೇಲೆ. ಮೂರನೆಯದು ಶೋರೂಮು; ಭಾನುವಾರ, ಗೇಟಿಗೆ ಬೀಗ. ಚಾರ್ಜು ಹುಡುಕುವುದಕ್ಕೇ ಐದು ಪರ್ಸೆಂಟು ಖರ್ಚಾಯಿತು.

ಸರಿ, ಅತ್ತೆಯ ಮನೆ. ಎಲ್ಲರೂ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರೆ ಭಾವ ಪ್ಲಗ್ ವಿಚಾರಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಬಚ್ಚಲುಮನೆ ಕಿಟಕಿಯಿಂದ ವೈರು ಎಳೆದುಕೊಟ್ಟವನು ನಾನೇ. ಹಿತ್ತಲಲ್ಲಿ ವಡೆಗೆ ಗ್ರೈಂಡರ್ ತಿರುಗುತ್ತಿತ್ತು. ಕಾರೂ ಸೇರಿಕೊಂಡಿತು. ಟಪ್! ಮನೆಯೆಲ್ಲ ಸ್ತಬ್ಧ. ಪುರೋಹಿತರು ಮಂತ್ರ ನಿಲ್ಲಿಸಿ ನಮ್ಮನ್ನು ನೋಡಿದರು.

ಊಟ ಮುಗಿಯುವವರೆಗೆ ಕಾರಿಗೆ ಉಪವಾಸ. ನಾಲ್ಕು ಗಂಟೆಗೆ ಬಂಧುಗಳೆಲ್ಲ ಪೆಟ್ರೋಲ್ ಕಾರುಗಳಲ್ಲಿ ಹೊರಟರು. ನಾವು ಮತ್ತೆ ಸಿಕ್ಕಿಸಿದೆವು; ಸ್ವಲ್ಪದರಲ್ಲೇ ಕರೆಂಟು ಹೋಯಿತು, ಬಂದದ್ದು ರಾತ್ರಿ ಹತ್ತಕ್ಕೆ. 30 ಯೂನಿಟ್ಟಿನ ಬ್ಯಾಟರಿ, ಮನೆ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ಟು. ಲೆಕ್ಕ ಹಾಕಿ ಹಾಸಿಗೆ ಕೇಳಿದೆ.

ಕತ್ತಲಲ್ಲಿ ಜಗಲಿಯ ಮೇಲೆ ಕೂತು ಅತ್ತೆ ಮಾತಾಡಿದರು. ಹದಿಮೂರು ದಿನ ಬಂದವರಿಗೆ ಬಡಿಸಿದ್ದೇ ಆಗಿತ್ತಂತೆ. ಆ ಪ್ಲಗ್ ಮಾವನೇ ಗೀಸರಿಗೆಂದು ಹಾಕಿಸಿದ್ದು. ಗೀಸರ್ ತರುವುದು ಪ್ರತಿ ದೀಪಾವಳಿಗೂ ಮುಂದಕ್ಕೆ ಹೋಗಿ, 20 ವರ್ಷ ಹಾಗೇ ಖಾಲಿ ಇತ್ತು. “ಕೊನೆಗೂ ಉಪಯೋಗಕ್ಕೆ ಬಂತು ನೋಡಿ” ಎಂದು ನಕ್ಕರು. ಭಾವ ಮೊದಲ ಸಲ ಪರ್ಸೆಂಟು ಹೇಳಲಿಲ್ಲ.

ಬೆಳಗ್ಗೆ ಏಳೂವರೆಗೆ ಬ್ಯಾಗು ಹಿಡಿದು ಹೊರಬಂದೆ. ಭಾವ ಬಗ್ಗಿ ನೋಡಿ, “ತೊಂಬತ್ತಾರು. ಸಾಕು, ಹೊರಡೋಣ” ಎಂದರು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. “ನೂರಾಗಲಿ ಬಿಡಿ. ಇನ್ನೊಂದು ಲೋಟ ಕಾಫಿ ಮಾಡ್ತೀನಿ.”

ನಾನು ಬ್ಯಾಗು ಕೆಳಗಿಟ್ಟೆ.